ಅವಧಿಯ ಸುಂಕ: ಒಕ್ಲಹೋಮಾ ನಗರದ ವೃತ್ತಾಂತ

ಬರಿದಾದ ಬೊಕ್ಕಸವನ್ನು ತುಂಬುವ ಉಪಾಯಗಳನ್ನು ವಿವರಿಸುವಾಗ ಕೌಟಿಲ್ಯನು ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ಒಂದು ವಿಶೇಷ ನಿಯಮವನ್ನು ಹೇಳಿರುವನು. ಆಪತ್ಕಾಲದಲ್ಲಿ ಅರಸನು ಒಕ್ಕಲಿಗರಿಂದಲೂ ವರ್ತಕರಿಂದಲೂ ಹೆಚ್ಚಿನ ಪಾಲನ್ನು ಬೇಡಬಹುದು. ಆದರೆ ಒಂದೇ ಸಲ, ಎರಡನೆಯ ಸಲ ಬೇಡತಕ್ಕುದಲ್ಲ. ಈ ಬೇಡಿಕೆಗೆ ಶಾಸ್ತ್ರಕಾರನಿತ್ತ ಹೆಸರು ಪ್ರಣಯ. ಕಾವ್ಯನಾಟಕಗಳನ್ನೋದಿದವರಿಗೆ ಇದು ನಗೆಯನ್ನು ತರಬಹುದಾದರೂ, ಪ್ರೀತಿಯಿಂದ ಯಾಚಿಸಿ ಪಡೆಯುವುದೆಂಬ ಅಭಿಪ್ರಾಯವು ಅದರಲ್ಲಿ ಅಡಗಿರುವುದು. ಯಾಚನೆಯು ಒಮ್ಮೆಗೆ ನಿಲ್ಲುವುದು ಎಷ್ಟು ಕಠಿಣವೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಗರಗಳ ಚರಿತ್ರೆಯೇ ಸಾಕ್ಷಿ. 1934ರಲ್ಲಿ ನ್ಯೂಯಾರ್ಕ್ ನಗರವು ನಿರುದ್ಯೋಗಿಗಳ ಪರಿಹಾರಕ್ಕೆಂದು ನೂರಕ್ಕೆ ಎರಡರಂತೆ ವಿಕ್ರಯತೆರಿಗೆಯನ್ನು ಹಾಕಿತು. ಆ ಸಂಕಟವು ಕಳೆದು ಹೋಯಿತು, ತೆರಿಗೆಯು ಹೋಗಲಿಲ್ಲ.

ಇದಕ್ಕಿಂತಲೂ ವಿಚಾರಾರ್ಹವಾದುದು ಒಕ್ಲಹೋಮಾ ನಗರದ ಕಥೆ. 1889ನೆಯ ಏಪ್ರಿಲ್ 22ರಂದು ಸರಕಾರವು ಭೂಮಿಯನ್ನು ತೆರೆದಿಡಲು, ಜನರು ಕುದುರೆ ಬಂಡಿಗಳಲ್ಲಿ ಧಾವಿಸಿ ಬಂದು ಒಂದೇ ದಿನದಲ್ಲಿ ಕಟ್ಟಿದ ಡೇರೆಗಳ ಊರು ಅದು. ಎಣ್ಣೆಯ ಬಾವಿಗಳಿಂದ ಸಿರಿವಂತವಾಗಿ, ಎಣ್ಣೆಯ ಬೆಲೆ ಕುಸಿದೊಡನೆ ಬಡವಾಯಿತು. 1982ರಲ್ಲಿ ಪೆನ್ ಸ್ಕ್ವೇರ್ ಬ್ಯಾಂಕು ಮುಳುಗಿದುದು ಆ ಕಾಲದ ದೊಡ್ಡ ಪೆಟ್ಟು. ನಡುಪೇಟೆಯು ಸಂಜೆಯಾದರೆ ನಿರ್ಜನ. ಊರ ಬದಿಯ ನಾರ್ತ್ ಕೆನೇಡಿಯನ್ ನದಿಯಲ್ಲಿ ನೀರಿಗಿಂತ ಹುಲ್ಲೇ ಹೆಚ್ಚಾಗಿ, ನಗರಸಭೆಯು ನದಿಯ ಹುಲ್ಲನ್ನು ಕೊಯ್ಯಿಸುತ್ತಿತ್ತೆಂಬುದು ಅಲ್ಲಿನವರೇ ಆಡಿಕೊಳ್ಳುತ್ತಿದ್ದ ಮಾತು. 1991ರಲ್ಲಿ ಯುನೈಟೆಡ್ ವಿಮಾನ ಸಂಸ್ಥೆಯು ತನ್ನ ದುರಸ್ತಿಯ ಕಾರ್ಖಾನೆಯನ್ನು ಈ ಊರಿಗೆ ಕೊಡದೆ ಇಂಡಿಯಾನಾಪೊಲಿಸ್ ನಗರಕ್ಕೆ ಕೊಟ್ಟಿತು. ವಾಸಕ್ಕೆ ಹಿತವಲ್ಲದ ಊರಿಗೆ ರಿಯಾಯಿತಿಗಳಿಂದ ಕಾರ್ಖಾನೆಗಳನ್ನು ಕರೆತರಲಾಗದೆಂದು ಆಗಿನ ಮೇಯರ್ ರಾನ್ ನೋರಿಕರು ಮನಗಂಡರು. (ಇಂಡಿಯಾನಾಪೊಲಿಸಿನ ಆ ಕಾರ್ಖಾನೆಯನ್ನೂ ಸಂಸ್ಥೆಯು 2003ರಲ್ಲಿ ತೊರೆದು ಹೋಯಿತೆಂಬುದನ್ನು ಇಲ್ಲಿಯೇ ಹೇಳಬಹುದು.)

ನೋರಿಕರು ರೂಪಿಸಿದ ಯೋಜನೆ ಇಂತಿದ್ದಿತು. ಡಾಲರು ಒಂದಕ್ಕೆ ಒಂದು ಸೆಂಟಿನಂತೆ ಐದು ವರ್ಷ ಮಾತ್ರ ಹೆಚ್ಚಿನ ತೆರಿಗೆ; ಅದರಿಂದ ಚೆಂಡಾಟದ ಬಯಲು, ಕಾಲುವೆ, ಪುಸ್ತಕಭಂಡಾರ, ಸಂಗೀತಮಂದಿರದ ಜೀರ್ಣೋದ್ಧಾರ, ನದಿಗೆ ಒಡ್ಡುಗಳು ಮೊದಲಾದ ಒಂಬತ್ತು ಕಾರ್ಯಗಳು. ಸಾಲವೆತ್ತತಕ್ಕುದಲ್ಲ, ಹಣ ಬಂದಂತೆ ಕೆಲಸ. ಒಂಬತ್ತಕ್ಕೂ ಕೂಡಿ ಒಂದೇ ಮತ. ಪುಸ್ತಕಭಂಡಾರವನ್ನು ಬಯಸುವವನು ಚೆಂಡಾಟದ ಬಯಲಿಗೂ ಒಪ್ಪಬೇಕು. ಇದರ ಮೇಲ್ವಿಚಾರಣೆಗೆ 21 ಮಂದಿ ನಾಗರಿಕರ ಮಂಡಲಿ. 1993ನೆಯ ದಶಂಬರ 14ರಂದು ನೂರಕ್ಕೆ 54ರಷ್ಟು ಮತಗಳಿಂದ ಇದು ಅಂಗೀಕೃತವಾಯಿತು. ಬಹುಮತವೇನೋ ಹೌದು, ಉತ್ಸಾಹವಲ್ಲ.

ಆರಂಭದ ವರ್ಷಗಳು ಕಷ್ಟದವು. 1995ನೆಯ ಏಪ್ರಿಲ್ 19ರಂದು ಅಲ್ಲಿಯ ಮರ್ರಾ ಸರಕಾರಿ ಭವನವು ಬಾಂಬಿಗೆ ತುತ್ತಾಗಿ 168 ಮಂದಿ ಮಡಿದರು. ಹಾಗಿದ್ದೂ ತೆರಿಗೆಯ ಕೆಲಸ ನಿಲ್ಲಲಿಲ್ಲ. 1998ರಲ್ಲಿ ಚೆಂಡಾಟದ ಬಯಲು ತೆರೆಯಿತು. ಹಣ ಸಾಲದೆ ಬಂದುದರಿಂದ ಆ ವರ್ಷದ ಕೊನೆಗೆ ಮತ್ತೆ ಜನಮತವನ್ನು ಕೇಳಿ, ಅವಧಿಯನ್ನು ಆರು ತಿಂಗಳು ಬೆಳೆಸಿದರು. 1999ರ ಮಧ್ಯದಲ್ಲಿ, ಹೇಳಿದ ಮಾತಿನಂತೆ, ತೆರಿಗೆಯು ನಿಂತಿತು. ಒಟ್ಟು ಬಂದುದು ಸುಮಾರು 30 ಕೋಟಿ ಡಾಲರು, ಅದರ ಮೇಲೆ ಬಡ್ಡಿ. ಹುಲ್ಲು ಬೆಳೆಯುತ್ತಿದ್ದ ನದಿಯಲ್ಲಿ ಮೂರು ಒಡ್ಡುಗಳಿಂದ ಏಳು ಮೈಲಿ ನೀರು ನಿಂತಿತು. ಈಗ ಅಲ್ಲಿ ದೋಣಿಯ ಪಂದ್ಯಗಳು ನಡೆಯುತ್ತಿರುವುವು.

ಎರಡೂವರೆ ವರ್ಷ ಸೆಂಟು ಇರಲಿಲ್ಲ. ಬಳಿಕ 2002ರ ಆರಂಭದಿಂದ ಶಾಲೆಗಳ ಹೆಸರಿನಲ್ಲಿ ಏಳು ವರ್ಷಕ್ಕೆ ಅದು ಮರಳಿ ಬಂದಿತು. ಶಾಲಾಕಟ್ಟಡಗಳ ದುಃಸ್ಥಿತಿಯನ್ನು ಬಲ್ಲವರಾರೂ ಅದನ್ನು ನಿಂದಿಸಲಾರರು. ಅದು ಮುಗಿಯುತ್ತಲೇ ಕ್ರೀಡಾಮಂದಿರಕ್ಕೆ 15 ತಿಂಗಳು. ತರುವಾಯ ಉದ್ಯಾನ, ಟ್ರಾಮು ಮುಂತಾದುವಕ್ಕೆ ಏಳು ವರ್ಷ ಒಂಬತ್ತು ತಿಂಗಳು. ಆಮೇಲೆ ಬೀದಿಗಳಿಗೆ 27 ತಿಂಗಳು. 2020ರಿಂದ ಎಂಟು ವರ್ಷಕ್ಕೆ ಇನ್ನೊಂದು. ಈ ಕೊನೆಯದರಲ್ಲಿ ವಸತಿಹೀನರ ಮನೆಗಳೂ ಮನೋರೋಗಿಗಳ ಶುಶ್ರೂಷೆಯೂ ಸೇರಿರುವುದರಿಂದ, 2019ರಲ್ಲಿ ನೂರಕ್ಕೆ 72 ಮಂದಿ ಒಪ್ಪಿದರು. ಪ್ರತಿಯೊಂದು ಸಲವೂ ಕೇಳಿದರು, ಪ್ರತಿಯೊಂದು ಸಲವೂ ಅವಧಿಯನ್ನು ಹೇಳಿದರು, ನ್ಯೂಯಾರ್ಕಿನಂತೆ ಮರೆಯಿಸಲಿಲ್ಲ. ಆದರೂ 2002ರಿಂದೀಚೆಗೆ ಅಂಗಡಿಯ ಲೆಕ್ಕದಲ್ಲಿ ಆ ಸೆಂಟು ಇಳಿದಿಲ್ಲ. ಪ್ರಣಯವು ಹಲವು ಸಲವಾದರೂ ಪ್ರಣಯವೇ ಹೌದೆ?

ಈ ಪ್ರಶ್ನೆಗೆ ಬಲವುಂಟು, ಏಕೆಂದರೆ ವಿಕ್ರಯತೆರಿಗೆಯು ಎಲ್ಲರನ್ನೂ ಸಮನಾಗಿ ಮುಟ್ಟುವುದಿಲ್ಲ. ಬಂದುದೆಲ್ಲವನ್ನೂ ವೆಚ್ಚಮಾಡಿ ಬದುಕುವ ಕೂಲಿಯವನು ತನ್ನ ಆದಾಯದ ಬಹುಭಾಗಕ್ಕೆ ತೆರಿಗೆ ಕೊಡುವನು. ಉಳಿಸಬಲ್ಲ ಧನಿಕನು ಅಲ್ಪಭಾಗಕ್ಕೆ. 2024ರ ಆಗಸ್ಟಿನಲ್ಲಿ ಒಕ್ಲಹೋಮಾ ಸಂಸ್ಥಾನವು ಆಹಾರಸಾಮಗ್ರಿಯ ಮೇಲಿನ ತನ್ನ ತೆರಿಗೆಯನ್ನು ತೆಗೆದುಹಾಕಿತು. ಆದರೆ ನಗರದ ತೆರಿಗೆಯು ಹಿಟ್ಟಿನ ಮೇಲೆಯೂ ಹಾಲಿನ ಮೇಲೆಯೂ ಉಳಿದುಕೊಂಡಿತು. ನಗರಸಭೆಯನ್ನು ದೂಷಿಸುವ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು: ಆ ಸಂಸ್ಥಾನದ ನಿಬಂಧನೆಯಂತೆ ನಗರಗಳು ಮನೆ ನಿವೇಶನಗಳ ತೆರಿಗೆಯನ್ನು ದಿನದಿನದ ಆಡಳಿತಕ್ಕೆ ಬಳಸುವಂತಿಲ್ಲ. ಅವುಗಳಿಗೆ ಅಂಗಡಿಯ ಕಟ್ಟೆಯೇ ಬೊಕ್ಕಸದ ಬಾಗಿಲು.

2023ರ ದಶಂಬರದಲ್ಲಿ ಹೊಸ ಕ್ರೀಡಾಮಂದಿರಕ್ಕೆಂದು ಮತ್ತೊಮ್ಮೆ ಮತ ಕೇಳಲು, ನೂರಕ್ಕೆ 71 ಮಂದಿ ಒಪ್ಪಿದರು. ಈಗಿನ ತೆರಿಗೆಯು ಮುಗಿದೊಡನೆ ಅದು ಆರಂಭವಾಗಿ ಆರು ವರ್ಷ ನಡೆಯತಕ್ಕುದೆಂದು ನಿರ್ಣಯವಾಗಿದೆ.