ಬಸ್ರಾಕ್ಕೆ ಗುಸ್ಲ್ ಕಲಿಸಿದ ಮಹಿಳೆ

ಹಿಜರಿ 8ರಲ್ಲಿ ಪ್ರವಾದಿಯವರ(ಸ) ಮಗಳು ಝೈನಬ್(ರ) ತೀರಿಕೊಂಡಾಗ ಮಯ್ಯಿತ್‌ಗೆ ಸ್ನಾನ ಮಾಡಿಸಿದವರಲ್ಲಿ ಅನ್ಸಾರ್ ಮಹಿಳೆ ಉಮ್ಮು ಅತಿಯ್ಯಾ(ರ) ಒಬ್ಬರು. ಮೂರು, ಐದು ಅಥವಾ ಅಗತ್ಯವಿದ್ದರೆ ಇನ್ನೂ ಹೆಚ್ಚು ಬಾರಿ ತೊಳೆಯುವುದು, ನೀರಿಗೆ ಎಲಚಿ ಎಲೆ, ಕೊನೆಯ ಸಲ ಕರ್ಪೂರ, ಆರಂಭ ಬಲಗಡೆಯಿಂದ: ಇಷ್ಟನ್ನೂ ಹೇಳಿಕೊಟ್ಟವರು ಸ್ವತಃ ಆ ತಂದೆ. ಸ್ನಾನ ಮುಗಿದ ಮೇಲೆ ತಮ್ಮ ಲುಂಗಿಯನ್ನೇ ಕೊಟ್ಟು, ಮಗಳ ಮೈಗೆ ತಾಗುವಂತೆ ಸುತ್ತಲು ಹೇಳಿದರು.

ಮುಂದೆ ಉಮ್ಮು ಅತಿಯ್ಯಾ ಬಸ್ರಾದಲ್ಲಿ ನೆಲೆಸಿದರು. ಇಬ್ನ್ ಸೀರೀನ್‌ರಂಥ ವಿದ್ವಾಂಸರು ಗುಸ್ಲ್ ಕಲಿತದ್ದು ಅವರಿಂದ. ಹೌದು, ಗಂಡಸರು ಒಬ್ಬ ಹೆಂಗಸಿನಿಂದ!

ನಮ್ಮ ಮಂಡಿ ಮೊಹಲ್ಲಾ, ಉದಯಗಿರಿಗಳಲ್ಲಿ ತಾಯಿ ತೀರಿಕೊಂಡರೆ ಎಷ್ಟೋ ಹೆಣ್ಣುಮಕ್ಕಳು ಬಾಗಿಲ ಹೊರಗೆ ನಿಂತು, ಗೊತ್ತಿರುವ ಒಬ್ಬಾಕೆಗಾಗಿ ಕಾಯುತ್ತಾರೆ. ಆಕೆ ಊರಲ್ಲಿಲ್ಲದ ದಿನ? ಬದುಕಿರುವಾಗ ಮೀಯಿಸಿದ ಕೈಗಳೇ ಆಗಲೂ ಮೀಯಿಸಬಹುದು. ಕಲಿಯಲು ಒಂದು ಮಧ್ಯಾಹ್ನ ಸಾಕು. ಎಲಚಿ ಎಲೆ ಸಿಗದಿದ್ದರೆ ಸಾಬೂನೂ ಆಗುತ್ತದೆ.