ಸೂತಕವಿಲ್ಲದ ಒಡಲು: ಕಲಬುರಗಿ ಸೀಮೆಯ ಒಂದು ಚರಿತ್ರೆ

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಬಸವಾದಿ ಶರಣರು ಒಪ್ಪಲಿಲ್ಲ. ಇವುಗಳಲ್ಲಿ ರಜಸ್ಸೂತಕದ ನಿರಾಕರಣೆಯನ್ನು ವ್ಯಾಖ್ಯಾನಕಾರರು ಒಂದೆರಡು ಮಾತುಗಳಲ್ಲಿ ದಾಟಿಬಿಡುವುದುಂಟು. ಸ್ತ್ರೀಯರ ಪಾಲಿಗಾದರೋ ಅದೇ ಹಿರಿದಾದುದು. ತಿಂಗಳ ಸ್ರಾವವು ದೇಹಧರ್ಮವೇ ಹೊರತು ಮೈಲಿಗೆಯಲ್ಲವೆಂದ ಮೇಲೆ ಆಕೆಯ ಒಡಲಿಗೆ ಅಂಟಿದ್ದ ಕಳಂಕವೇ ಕಳಚಿತು.

ಅಖಂಡೇಶ್ವರ ಅಂಕಿತದ ಷಣ್ಮುಖ ಶಿವಯೋಗಿಗಳ ಜೇವರ್ಗಿ, ನೆರೆಯ ಅಫಜಲಪುರ, ಅದಕ್ಕೆ ಹೊಂದಿದ ಆಳಂದ, ಇವೆಲ್ಲ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಶರಣರ ಮಾತು ಶತಮಾನಗಳಿಂದ ಕೇಳಿಬಂದ ಇದೇ ಜಿಲ್ಲೆಯಲ್ಲಿ 2015ರಲ್ಲಿ ಒಂದು ದಾರುಣ ಸಂಗತಿ ಬೆಳಕಿಗೆ ಬಂದಿತು. 30 ತಿಂಗಳ ಅವಧಿಯಲ್ಲಿ 2,258 ಮಹಿಳೆಯರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆಯಲಾಗಿದೆ ಎಂಬ ಆರೋಪವದು. ಅವರಲ್ಲಿ ಬಹುಪಾಲು ತಾಂಡಾಗಳ ಲಂಬಾಣಿ ಮತ್ತು ದಲಿತ ಸ್ತ್ರೀಯರು. ನಲವತ್ತು ತುಂಬದವರೂ ಅನೇಕರಿದ್ದರು. 2017ರ ಫೆಬ್ರುವರಿಯಲ್ಲಿ ಸಂತ್ರಸ್ತ ಮಹಿಳೆಯರು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಪ್ರತಿಭಟನೆಗೆ ಕುಳಿತರು.

ಹೊಟ್ಟೆನೋವು, ಬಿಳಿಸೆರಗು, ಅತಿಸ್ರಾವ ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಲಾಯಿತೆಂಬುದು ಅವರ ದೂರು. ಬಿಳಿಸೆರಗಿಗೆ ಕಾರಣವಾಗುವ ಸೋಂಕು ಸಾಮಾನ್ಯವಾಗಿ ಮಾತ್ರೆಗಳಿಂದಲೇ ವಾಸಿಯಾಗುವಂಥದು. ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯ ಹೆಣ್ಣುಮಗಳಿಗೆ ಪದೇ ಪದೇ ಆಸ್ಪತ್ರೆಗೆ ಅಲೆಯುವುದಕ್ಕಿಂತ ಒಮ್ಮೆಗೇ ‘ಗರ್ಭಚೀಲ’ ತೆಗೆಸುವುದು ಸುಲಭವೆಂದು ತೋರಿದರೆ ಆಶ್ಚರ್ಯವಿಲ್ಲ. ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿಯೂ ಹೀಗೆಯೇ ಆಯಿತು. ಅಲ್ಲಿ 2019ರಲ್ಲಿ ಸಮೀಕ್ಷೆಗೆ ಒಳಗಾದ ಕಬ್ಬು ಕಡಿಯುವ 82,309 ಮಹಿಳೆಯರಲ್ಲಿ 13,861 ಮಂದಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು.

“ಮಕ್ಕಳಾಗಿವೆಯಲ್ಲ, ಇನ್ನು ಗರ್ಭಕೋಶವೇಕೆ?” ಎಂಬ ಮಾತು ಇಲ್ಲಿ ವಾದವಾಗಿ ನಿಲ್ಲಲಾರದು. ಅಂಡಾಶಯವನ್ನೂ ತೆಗೆದಲ್ಲಿ ಅಕಾಲದಲ್ಲಿ ಮುಟ್ಟು ನಿಲ್ಲುವುದರ ಜೊತೆಗೆ ಎಲುಬು ಸವೆತ, ಹೃದ್ರೋಗಗಳ ಅಪಾಯವೂ ಹೆಚ್ಚುತ್ತದೆ. ಮೇಲಾಗಿ ಮಕ್ಕಳು ಬೇಕೋ ಸಾಕೋ ಎಂಬ ನಿರ್ಣಯ ಯಾರದು? ಮಕ್ಕಳ ಸಂಖ್ಯೆಯನ್ನೂ ಅಂತರವನ್ನೂ ಸ್ವತಂತ್ರವಾಗಿ ನಿರ್ಧರಿಸುವುದು ಮೂಲಭೂತ ಮಾನವ ಹಕ್ಕೆಂದು 1968ರ ತೆಹರಾನ್ ಘೋಷಣೆ ಸಾರಿತು. ಬಂಜೆತನವನ್ನು ಹೆಣ್ಣಿನ ಪಾಪಫಲವೆಂದು ಹಳಿಯುವ ಸಮಾಜವೇ ಆಕೆಯ ಫಲವಂತಿಕೆಯನ್ನು ಕತ್ತರಿಸಿದವರನ್ನು ಪ್ರಶ್ನಿಸದೆ ಉಳಿಯುವುದು ವಿಪರ್ಯಾಸ. ಹಿಂದೆ ಆ ಒಡಲು ಮೈಲಿಗೆ ಎನಿಸಿತ್ತು, ಈಗ ಅದನ್ನೇ ರೋಗವೆಂದರು. ಒಡಲಿನ ಒಡತಿಯನ್ನು ಕೇಳುವ ಗೋಜಿಗೆ ಎರಡು ಕಾಲದಲ್ಲಿಯೂ ಹೋಗಲಿಲ್ಲ.

ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಕುರಿತು ಡಾ. ನರೇಂದ್ರ ಗುಪ್ತಾ ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪಿತ್ತಿತು. ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿದೆಯೆಂದು ಅದು ಎತ್ತಿಹೇಳಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರವು 2022ರಲ್ಲಿ ರೂಪಿಸಿದ್ದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು. ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇರಬೇಕೆಂಬುದು ಆ ಮಾರ್ಗಸೂಚಿಯ ಒಂದು ಅಂಶ. ಆಳಂದದ ತಾಂಡಾಗಳವರು ಆ ಹೊತ್ತಿಗಾಗಲೇ ಎಂಟು ವರ್ಷ ಕಾದಿದ್ದರು.