ರೆಡ್ ಫ್ಲ್ಯಾಗ್ ಹಾಲ್‌ನ ಮುನ್ನಿ

ಶಬಾನಾ ಆಝ್ಮಿ ಅಂದ ಕೂಡಲೇ ನಿಮಗೆ ಸಿನಿಮಾ ನೆನಪಾಗುತ್ತದೆ. ಆದರೆ ಅವರು ಹುಟ್ಟುವುದೇ ಬೇಡ ಅಂತ ಹೆತ್ತವರ ಪಕ್ಷದವರೇ ಹೇಳಿದ್ದರು, ಗೊತ್ತಾ?

ನಮ್ಮ ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದ 'ಗರಂ ಹವಾ' ನೋಡಿದ್ದೀರಾದರೆ ಆ ತಂದೆ ತಾಯಿಯನ್ನು ನೀವು ಬಲ್ಲಿರಿ. ಅದಕ್ಕೆ ಸಂಭಾಷಣೆ ಬರೆದವರು ಉರ್ದು ಕವಿ ಕೈಫಿ ಆಝ್ಮಿ. ಸಲೀಂ ಮಿರ್ಜಾನ ಹೆಂಡತಿಯಾಗಿ ನಟಿಸಿದವರು ಶೌಕತ್. ಇಬ್ಬರೂ 1947ರಲ್ಲಿ ಮುಂಬೈಯಲ್ಲಿ ಮದುವೆಯಾದರು. ಕೈಫಿ ಕಮ್ಯುನಿಸ್ಟ್ ಪಕ್ಷದ ಪೂರ್ಣಾವಧಿ ಕಾರ್ಯಕರ್ತ. 1948ರಲ್ಲಿ ಪಕ್ಷ ಉಗ್ರ ಹಾದಿ ಹಿಡಿಯಿತು, ಸರಕಾರ ಬಂಧನಕ್ಕಿಳಿಯಿತು, ಕೈಫಿ ಭೂಗತರಾದರು. ಮೊದಲ ಮಗು ತೀರಿಹೋಗಿತ್ತು. ಶೌಕತ್ ಮತ್ತೆ ಗರ್ಭಿಣಿಯಾದಾಗ, ಗಂಡ ತಲೆಮರೆಸಿಕೊಂಡಿದ್ದಾನೆ, ನಿನಗೂ ಸಂಪಾದನೆಯಿಲ್ಲ, ತೆಗೆಸಿಬಿಡು ಅಂತ ಪಕ್ಷದವರು ಸೂಚಿಸಿದರು. ಆಕೆ ಒಪ್ಪಲಿಲ್ಲ. ತವರು ಹೈದರಾಬಾದಿಗೆ ಹೋದರು. 1950ರ ಸೆಪ್ಟೆಂಬರ್ 18ರಂದು ಮಗಳು ಹುಟ್ಟಿದಳು.

ಕ್ರಾಂತಿಯ ಚರಿತ್ರೆ ಬರೆಯುವವರು ಇಂಥ 'ಇಲ್ಲ'ಗಳನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಇನ್ನೊಂದು ಮಾತೂ ಹೇಳಬೇಕು. ಆ ಮಗುವನ್ನು ಸಾಕಿದ್ದು ಅದೇ ಪಕ್ಷದ ವಠಾರ. ಮುಂಬೈಯ ರೆಡ್ ಫ್ಲ್ಯಾಗ್ ಹಾಲ್‌ನಲ್ಲಿ ಎಂಟು ಕುಟುಂಬ, ಒಂದೊಂದಕ್ಕೆ ಒಂದೊಂದೇ ಕೋಣೆ. ಬಚ್ಚಲು, ಪಾಯಿಖಾನೆ ಎಲ್ಲರಿಗೂ ಸೇರಿ. ಕೈಫಿಯ ಜೊತೆ ಮದನಪುರದ ಕಾರ್ಮಿಕರ ಸಭೆಗೆ, ಶೌಕತ್ ಜೊತೆ ಪೃಥ್ವಿ ಥಿಯೇಟರಿನ ರಿಹರ್ಸಲ್‌ಗೆ ಮಗು ಹೋಗುತ್ತಿತ್ತು. ಹೆಸರಿಡಲೂ ಯಾರಿಗೂ ಪುರುಸೊತ್ತಿಲ್ಲ! ಹನ್ನೊಂದು ವರ್ಷದವರೆಗೂ ಬರೀ 'ಮುನ್ನಿ'. ಶಬಾನಾ ಅಂತ ಹೆಸರಿಟ್ಟದ್ದು ಕವಿ ಅಲಿ ಸರ್ದಾರ್ ಜಾಫ್ರಿ.

ಶಾಲೆಗೆ ಸೇರಿಸುವಾಗ ಪೇಚಾಟ. ಕ್ವೀನ್ ಮೇರಿ ಶಾಲೆಯಲ್ಲಿ ತಂದೆ ತಾಯಿಗೆ ಇಂಗ್ಲಿಷ್ ಬರಬೇಕು. ಇವರಿಬ್ಬರಿಗೂ ಬಾರದು. ಜಾಫ್ರಿಯವರ ಪತ್ನಿ ಸುಲ್ತಾನಾ ತಾಯಿಯಾಗಿ, ಮುನೀಶ್ ನಾರಾಯಣ್ ಸಕ್ಸೇನಾ ತಂದೆಯಾಗಿ ಹೋಗಿ ನಿಂತರು. ಸುಳ್ಳು ಸುಳ್ಳೇ, ಆದರೆ ಸೀಟು ಸಿಕ್ಕಿತು. ಆಮೇಲೆ ಗೆಳತಿಯರು ಕೇಳಿದರೆ ಹುಡುಗಿಗೆ ಮುಜುಗರ: ಎಲ್ಲರ ಅಪ್ಪಂದಿರೂ ಪ್ಯಾಂಟು ಹಾಕಿ ಆಫೀಸಿಗೆ ಹೋಗುತ್ತಾರೆ, ನಮ್ಮಪ್ಪ ಕುರ್ತಾ ಪೈಜಾಮದಲ್ಲಿ ಮನೆಯಲ್ಲೇ ಇರುತ್ತಾರೆ. ಏನೋ 'ಬಿಸಿನೆಸ್' ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳಂತೆ. ಕವಿತೆ ಬರೆಯುವುದೇ ಕಸುಬು ಅಂದರೆ ಯಾರು ನಂಬಬೇಕು?

1986ರಲ್ಲಿ ಮುಂಬೈಯ ಸಂಜಯ್ ಗಾಂಧಿ ನಗರದ ಗುಡಿಸಲುಗಳನ್ನು ಕೆಡವಿದಾಗ, ಅಲ್ಲಿನವರಿಗಾಗಿ ಶಬಾನಾ ಉಪವಾಸ ಕೂತರು. ಶೌಕತ್‌ಗೆ ಮಗಳ ಜೀವದ ಚಿಂತೆ. ಪಾಟ್ನಾದಲ್ಲಿದ್ದ ಕೈಫಿಯಿಂದ ಶುಭ ಕೋರಿ ಒಂದು ತಂತಿ ಬಂತು. ಅದರಲ್ಲಿ ಮಗಳನ್ನು ಅವರು 'ಕಾಮ್ರೇಡ್' ಎಂದು ಕರೆದಿದ್ದರು.